ಇ-ಮೇಲ್ ಖಾತೆಯ ಬೀಗದ ಕೈ ನಮ್ಮ ಕೈಯಲ್ಲೇ ಇರಲಿ

(ಶಿರಾಲಿಯ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಶಿರಾಲಿಗೆ ಬಂದವರು ಭತ್ತದ ತಳಿ, ಅಡಿಕೆಯ ಕೊಳೆರೋಗ, ಭಟ್ಕಳ ಮಲ್ಲಿಗೆ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನನಗೆ ವಹಿಸಿರುವ ವಿಷಯ ಬೇರೆ. ಇ-ಮೇಲ್ ಖಾತೆಯನ್ನು ತೆರೆದು ನೋಡುವುದು ಹೇಗೆ, ತೆರೆಯದಿದ್ದರೆ ಏನು ಮಾಡಬೇಕು ಎಂಬುದನ್ನು ಹೇಳಬೇಕಾಗಿದೆ.

ಕೃಷಿಕನಿಗೆ ಇದರಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಮುರುಗಲಿನ ಶರಬತ್ತು, ಹಪ್ಪಳ ಮಾಡಿ ಮಾರುವ ಮಹಿಳಾ ಸಂಘವು ಆಹಾರ ಸುರಕ್ಷತಾ ನೋಂದಣಿಗೆ ಅರ್ಜಿ ಹಾಕುವಾಗ ಇ-ಮೇಲ್ ವಿಳಾಸ ಕೊಡಬೇಕಾಗುತ್ತದೆ. ಬ್ಯಾಂಕಿನ ಲೆಕ್ಕಪಟ್ಟಿ, ಮಕ್ಕಳ ಕಾಲೇಜಿನ ಪತ್ರ ಇವೂ ಅಲ್ಲಿಗೇ ಬರುತ್ತವೆ. ಹವಾಮಾನ ತಿಳಿಸುವ ಮೇಘದೂತ್ ಆ್ಯಪನ್ನು ಆಂಡ್ರಾಯ್ಡ್ ಮೊಬೈಲಿನ ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳಲು ಗೂಗಲ್ ಖಾತೆ ಬೇಕು. ಸಾಮಾನ್ಯವಾಗಿ ಆ ಖಾತೆಯೇ ನಿಮ್ಮ ಜಿಮೇಲ್ ಖಾತೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಮೊದಲ ಇ-ಮೇಲ್ ಖಾತೆಯನ್ನು ಪೇಟೆಯ ಒಂದು ಅಂಗಡಿಯಲ್ಲಿ ಮಾಡಿಸಿದೆವು. ಅಂಗಡಿಯ ಹುಡುಗ ತನ್ನ ಮೊಬೈಲ್ ಸಂಖ್ಯೆಯನ್ನೇ ಹಾಕಿ ಖಾತೆ ತೆರೆದುಕೊಟ್ಟ. ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟೆ. ವರ್ಷ ಕಳೆಯಿತು, ಕ್ಯಾಲೆಂಡರು ಒಲೆಗೆ ಹೋಯಿತು. ಆ ಹುಡುಗನೂ ಊರು ಬಿಟ್ಟಿದ್ದ. ಅಣ್ಣನ ಮಗಳ ಕಾಲೇಜು ಪ್ರವೇಶದ ಪತ್ರ ಆ ಖಾತೆಗೆ ಬಂದಿದೆ ಎಂದು ನಮಗೆ ತಿಳಿದಾಗ ಹಣ ಕಟ್ಟುವ ಕಡೆಯ ದಿನ ದಾಟಿತ್ತು. ಮಗು ಒಂದು ವರ್ಷ ಮನೆಯಲ್ಲೇ ಕುಳಿತಳು. ಪತ್ರ ಬಂದಿತ್ತು, ವಿಳಾಸವೂ ಸರಿಯಿತ್ತು. ಬೀಗದ ಕೈ ಮಾತ್ರ ನಮ್ಮಲ್ಲಿರಲಿಲ್ಲ.

ಈ ಅಂಚೆ ಎಲ್ಲಿರುತ್ತದೆ?

ಇ-ಮೇಲ್ ಪತ್ರಗಳು ನಿಮ್ಮ ಮೊಬೈಲಿನಲ್ಲೇ ಇವೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಪಡೆಯುವ ಪೆಟ್ಟಿಗೆಯಂತೆ, ಅವು ಕಂಪನಿಯ ದೊಡ್ಡ ಕಂಪ್ಯೂಟರಿನಲ್ಲಿರುತ್ತವೆ. ಮೊಬೈಲು ಹೊಳೆಗೆ ಬಿದ್ದರೂ ಪತ್ರ ನೆನೆಯುವುದಿಲ್ಲ. ಯಾವ ಊರಿನಿಂದಲಾದರೂ ಹೀಗೆ ಪೆಟ್ಟಿಗೆ ತೆರೆಯುವ ಸೌಲಭ್ಯವನ್ನು ಹಾಟ್‌ಮೇಲ್ ಎಂಬ ಹೆಸರಿನಲ್ಲಿ 1996ರ ಜುಲೈ 4ರಂದು ಆರಂಭಿಸಿದ ಇಬ್ಬರಲ್ಲಿ ಒಬ್ಬರು ನಮ್ಮ ದೇಶದ ಸಬೀರ್ ಭಾಟಿಯಾ. ಜಿಮೇಲ್ ಬಂದದ್ದು 2004ರಲ್ಲಿ.

ಎಲ್ಲಿಂದಲೂ ತೆರೆಯಬಹುದು ಎಂದಮೇಲೆ ಕಳ್ಳನೂ ಎಲ್ಲಿಂದಲೋ ಪ್ರಯತ್ನಿಸಬಹುದಷ್ಟೆ. ಆದ್ದರಿಂದ ಬಂದವನು ಯಜಮಾನನೇ ಹೌದೇ ಎಂದು ಕಂಪನಿ ಪರೀಕ್ಷಿಸುತ್ತದೆ. ನಮಗೆ ಕಿರಿಕಿರಿ ಎನಿಸುವ ತೊಂದರೆಗಳಲ್ಲಿ ಹೆಚ್ಚಿನವು ಈ ಪರೀಕ್ಷೆಗೆ ಸಂಬಂಧಿಸಿದವು.

ಪಾಸ್‌ವರ್ಡ್ ತಪ್ಪು ಎಂದು ಬಂದರೆ

ಗಾಬರಿಯಾಗಿ ಹತ್ತು ಸಲ ಒತ್ತಬಾರದು. ಒಂದೆರಡು ಸಲ ತಪ್ಪಿದ ಕೂಡಲೇ ನಿಲ್ಲಿಸಿ, ಕೆಳಗಿನವುಗಳನ್ನು ಪರಿಶೀಲಿಸಬೇಕು.

1. ವಿಳಾಸ ಸರಿಯಿದೆಯೇ? ನಡುವೆ ಖಾಲಿ ಜಾಗ ಬಿಡಬಾರದು. ಜಿಮೇಲ್ ವಿಳಾಸದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವಿಲ್ಲ. ಹೆಸರಿನ ನಡುವಿನ ಚುಕ್ಕೆ ಬಿಟ್ಟರೂ ನಡೆಯುತ್ತದೆ. ಅಂಕಿ ಅಥವಾ ಅಕ್ಷರ ತಪ್ಪಿದರೆ ಮಾತ್ರ ಅದು ಬೇರೆಯವರ ವಿಳಾಸವಾಗುತ್ತದೆ.

2. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿದೆ. ಕಂಪ್ಯೂಟರಿನ ಕ್ಯಾಪ್ಸ್ ಲಾಕ್ ಒತ್ತಿದೆಯೇ ನೋಡಿರಿ. ಮೊಬೈಲಿನ ಕೀಲಿಮಣೆ ಕನ್ನಡದಲ್ಲಿ ಉಳಿದಿದೆಯೇ ಎಂಬುದನ್ನೂ ನೋಡಬೇಕು. ಕಣ್ಣಿನ ಗುರುತನ್ನು ಅಥವಾ 'ಪಾಸ್‌ವರ್ಡ್ ತೋರಿಸಿ' ಎಂಬುದನ್ನು ಒತ್ತಿದರೆ ಬರೆದದ್ದು ಕಾಣುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಾಗ ಹೀಗೆ ಮಾಡಬೇಕು.

3. ಮೊಬೈಲಿನ ದಿನಾಂಕ, ಗಂಟೆ ಸರಿಯಿದೆಯೇ? ಬ್ಯಾಟರಿ ಪೂರ್ತಿ ಇಳಿದು ಗಡಿಯಾರ ಹಿಂದೆ ಬಿದ್ದಿದ್ದರೆ ಪುಟವೇ ತೆರೆಯದಿರಬಹುದು.

ಪಾಸ್‌ವರ್ಡ್ ಮರೆತೇಹೋಗಿದ್ದರೆ

ಪಾಸ್‌ವರ್ಡ್ ಕೇಳುವ ಜಾಗದ ಹತ್ತಿರವೇ 'ಪಾಸ್‌ವರ್ಡ್ ಮರೆತಿರಾ?' ಎಂಬ ಅರ್ಥದ ಸಾಲು ಇರುತ್ತದೆ. ಅದನ್ನು ಒತ್ತಬೇಕು. ನೆನಪಿರುವ ಹಳೆಯ ಪಾಸ್‌ವರ್ಡನ್ನು ಕೇಳಬಹುದು, ಗೊತ್ತಿದ್ದಷ್ಟು ಹೇಳಿರಿ. ಬಳಿಕ, ಮೊದಲೇ ಕೊಟ್ಟಿರುವ ಮೊಬೈಲಿಗೆ ಅಥವಾ ಇನ್ನೊಂದು ಇ-ಮೇಲಿಗೆ ಗುಪ್ತ ಸಂಖ್ಯೆ ಬರುತ್ತದೆ. ಅದನ್ನು ತುಂಬಿದರೆ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಬಹುದು.

ಇಲ್ಲಿ ಒಂದು ಗುಟ್ಟಿದೆ. ಈ ಕೆಲಸವನ್ನು ನೀವು ದಿನವೂ ಬಳಸುವ ಮೊಬೈಲಿನಿಂದಲೇ, ನಿಮ್ಮ ಮನೆಯಲ್ಲಿಯೇ ಕುಳಿತು ಮಾಡಬೇಕು. ಪರಿಚಿತ ಯಂತ್ರ, ಪರಿಚಿತ ಸ್ಥಳವಾದರೆ ಕಂಪನಿಗೆ ನಂಬಿಕೆ ಬರುತ್ತದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ತಂದೆಯ ಖಾತೆಯನ್ನು ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಮಗ ನೋಡಿಕೊಳ್ಳುತ್ತಾನೆ. ಅವನು ಅಲ್ಲಿಂದ ಹೊಸ ಯಂತ್ರದಲ್ಲಿ ತೆರೆಯಲು ಹೋದರೆ ಸಂಶಯ ಬಂದು ತಡೆಯಬಹುದು. ಆಗ ಗುಪ್ತ ಸಂಖ್ಯೆ ಬರುವುದು ಶಿರಾಲಿಯ ತಂದೆಯ ಮೊಬೈಲಿಗೆ, ತಂದೆ ಗದ್ದೆಯಲ್ಲಿರುತ್ತಾರೆ. ಇಬ್ಬರೂ ಫೋನಿನಲ್ಲಿ ಮಾತನಾಡಿಕೊಂಡು, ಹೊತ್ತು ಗೊತ್ತುಮಾಡಿಕೊಂಡೇ ಈ ಕೆಲಸಕ್ಕೆ ಕೂರುವುದು ಒಳ್ಳೆಯದು.

ಗುಪ್ತ ಸಂಖ್ಯೆ ಬಾರದಿದ್ದರೆ

ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಟವರ್ ನಿಂತಿದ್ದರೆ ಕಾಯುವುದೊಂದೇ ದಾರಿ. ಟವರ್ ಇದ್ದೂ ಬಾರದಿದ್ದರೆ, ಖಾತೆಯಲ್ಲಿರುವುದು ಯಾವ ಸಂಖ್ಯೆ ಎಂಬುದನ್ನು ನೋಡಬೇಕು. ಪರದೆಯ ಮೇಲೆ ಕಡೆಯ ಎರಡು ಅಂಕಿಗಳು ಕಾಣುತ್ತವೆ. ಅದು ಹಳೆಯ ಸಿಮ್ಮಿನದಾಗಿರಬಹುದು. ಪ್ರಿಪೇಯ್ಡ್ ಸಂಖ್ಯೆಯನ್ನು 90 ದಿನ ಏನೂ ಬಳಸದಿದ್ದರೆ ಅದು ರದ್ದಾಗಬಹುದು, ಮುಂದೆ ಬೇರೊಬ್ಬರ ಪಾಲಾಗಬಹುದು. ಸಿಮ್ ಬದಲಿಸುವ ಮುನ್ನವೇ ಖಾತೆಯಲ್ಲಿ ಹೊಸ ಸಂಖ್ಯೆಯನ್ನು ಸೇರಿಸತಕ್ಕದ್ದು.

ಮೊಬೈಲು ಕಳೆದುಹೋದರೆ ಹೊಸ ಖಾತೆ ತೆರೆಯಲು ಅವಸರಪಡಬಾರದು. ಗುರುತಿನ ಚೀಟಿ ತೋರಿಸಿ ಅದೇ ಸಂಖ್ಯೆಯ ನಕಲು ಸಿಮ್ ಪಡೆಯಿರಿ. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಸಂದೇಶಗಳು ಬಾರದಿರಬಹುದು. ಇದು ಮೋಸ ತಡೆಯಲು ಮಾಡಿದ ವ್ಯವಸ್ಥೆ, ಕೆಟ್ಟಿತೆಂದು ತಿಳಿಯಬೇಡಿರಿ.

ಖಾತೆ ತೆರೆದರೂ ಹೊಸ ಪತ್ರ ಬಾರದಿದ್ದರೆ ಕಣಜ ತುಂಬಿದೆಯೇ ನೋಡಬೇಕು. ಗೂಗಲ್ ಖಾತೆಯಲ್ಲಿ ಪತ್ರಕ್ಕೂ ಫೋಟೋಗಳಿಗೂ ಸೇರಿ ಉಚಿತವಾಗಿ ಇರುವ ಜಾಗ 15 ಜಿ.ಬಿ. ಮದುವೆ, ಜಾತ್ರೆಯ ವಿಡಿಯೋಗಳು ತುಂಬಿಕೊಂಡರೆ ಪತ್ರಕ್ಕೆ ಜಾಗವಿರುವುದಿಲ್ಲ. ಎರಡು ವರ್ಷ ತೆರೆಯದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ತಿಂಗಳಿಗೊಮ್ಮೆಯಾದರೂ ತೆರೆದು ನೋಡಿರಿ.

ಕಳ್ಳರ ಬಗ್ಗೆ ಎಚ್ಚರ

ಖಾತೆ ತೆರೆಯದಿದ್ದಾಗ ಕೆಲವರು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಸಿಕ್ಕಿದ 'ಕಸ್ಟಮರ್ ಕೇರ್' ಸಂಖ್ಯೆಗೆ ಫೋನ್ ಮಾಡುತ್ತಾರೆ. ಅಂಥ ಸಂಖ್ಯೆಗಳಲ್ಲಿ ಮೋಸಗಾರರದೇ ಬಹಳ. ಸರಿಪಡಿಸಿಕೊಡುತ್ತೇವೆ ಎಂದು ಗುಪ್ತ ಸಂಖ್ಯೆ ಕೇಳುತ್ತಾರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾರೆ. ಬ್ಯಾಂಕೇ ಆಗಲಿ, ಕಂಪನಿಯೇ ಆಗಲಿ, ಫೋನಿನಲ್ಲಿ ಗುಪ್ತ ಸಂಖ್ಯೆ ಕೇಳುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಪೇಟೆಯ ಕಂಪ್ಯೂಟರಿನಲ್ಲಿ ಖಾತೆ ತೆರೆದರೆ 'ಪಾಸ್‌ವರ್ಡ್ ಉಳಿಸಲೇ?' ಎಂದು ಕೇಳಿದಾಗ ಬೇಡವೆನ್ನಿರಿ. ಏಳುವ ಮುನ್ನ 'ಸೈನ್ ಔಟ್' ತಪ್ಪದೆ ಒತ್ತಿರಿ. ಗದ್ದೆಯಿಂದ ಬರುವಾಗ ದಣಪೆ ಹಾಕುವುದನ್ನು ಯಾರಾದರೂ ಮರೆಯುತ್ತಾರೆಯೇ?

ಇಂದೇ ಮಾಡಬೇಕಾದ ಕೆಲಸ

ಮಳೆ ಹಿಡಿದ ಮೇಲೆ ಮಾಡಿಗೆ ಹಂಚು ಹುಡುಕಬಾರದು. ಖಾತೆ ತೆರೆಯುತ್ತಿರುವಾಗಲೇ ಈ ನಾಲ್ಕು ಕೆಲಸ ಮಾಡಿಬಿಡಿ.

ಒಂದು, ಖಾತೆಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸಿರಿ. ಬೇರೆಯವರ ಸಂಖ್ಯೆ ಇದ್ದರೆ ತೆಗೆಯಿರಿ. ಎರಡು, ಮನೆಯ ನಂಬಿಕಸ್ಥರೊಬ್ಬರ ಇ-ಮೇಲನ್ನು ಎರಡನೆಯ ವಿಳಾಸವಾಗಿ ಕೊಡಿರಿ. ಮೂರು, ಎರಡು ಹಂತದ ಪರಿಶೀಲನೆಯನ್ನು ಹಾಕಿಕೊಂಡರೆ ಗೂಗಲ್‌ನಲ್ಲಿ ಹತ್ತು ಬದಲಿ ಸಂಖ್ಯೆಗಳನ್ನು ಪಡೆಯಬಹುದು. ಒಂದೊಂದೂ ಒಂದು ಸಲ ಮಾತ್ರ ನಡೆಯುತ್ತದೆ. ಮೊಬೈಲು ಇಲ್ಲದಾಗ ಅವೇ ಆಧಾರ. ನಾಲ್ಕು, ಇವೆಲ್ಲವನ್ನೂ ಕಾಗದದಲ್ಲಿ ಬರೆದು, ಪಹಣಿ ಮತ್ತು ತೆರಿಗೆ ರಸೀದಿ ಇಡುವ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಿರಿ. ಕ್ಯಾಲೆಂಡರಿನ ಹಿಂದೆ ಬರೆಯಬೇಡಿರಿ.

ಬೇರೆಯವರಿಂದ ಸಹಾಯ ಪಡೆಯುವುದು ತಪ್ಪಲ್ಲ. ಹುಡುಗರು ನಮಗಿಂತ ಚುರುಕು, ಅವರನ್ನು ಕೂರಿಸಿಕೊಂಡೇ ಮಾಡಿಸಿರಿ. ಆದರೆ ಸಂಖ್ಯೆ ನಿಮ್ಮದಿರಲಿ, ಬೀಗದ ಕೈ ನಿಮ್ಮಲ್ಲಿರಲಿ. ಮನೆಗೆ ಹೋದ ಕೂಡಲೇ ಯಾರ ಮೊಬೈಲ್ ಸಂಖ್ಯೆ ಇದೆ ಎಂಬುದೊಂದನ್ನಾದರೂ ನೋಡಿದರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕವಾಯಿತು.