ಗಾಡಿಗಿಂತ ಮೊದಲೇ ಬಡ್ಡಿ ಬಂತು



ಪಿಕಪ್ ಗಾಡಿ ನಮ್ಮ ಭಾಗದಲ್ಲಿ ಷೋಕಿಯ ಸಾಮಾನಲ್ಲ. ಸೇಡಂ, ಚಿಂಚೋಳಿಯ ತೊಗರಿ ಕಲಬುರಗಿಯ ಅಡತಿಗೆ ಹೋಗಬೇಕು. ಶಹಾಬಾದ್, ಚಿತ್ತಾಪುರ ಕಡೆಯ ಫರಸಿ ಕಲ್ಲು ಮನೆ ಕಟ್ಟುವವರ ಬಾಗಿಲಿಗೆ ಹೋಗಬೇಕು. ವಾಡಿಯ ಸಿಮೆಂಟು ಹಳ್ಳಿಗೆ ಬರಬೇಕು. ಸುಗ್ಗಿಯಲ್ಲಿ ಬಾಡಿಗೆ ಗಾಡಿಯವರು ಕೇಳಿದಷ್ಟು ಕೊಡಬೇಕಾಗ್ತದ ಅಂತ, ಮಗನಿಗೊಂದು ದುಡಿಮೆ ಆದೀತು ಅಂತ, ಸಾಲ ಮಾಡಿ ಗಾಡಿ ಬುಕ್ ಮಾಡುತ್ತೇವೆ.

ಮುಂಗಡ ಕೊಟ್ಟಾಯಿತು. ಬ್ಯಾಂಕಿನ ಹಣ ಡೀಲರನ ಖಾತೆಗೆ ಹೋಯಿತು. ಗಾಡಿ ಮಾತ್ರ ಬರಲಿಲ್ಲ. ಕೇಳಿದರೆ, ‘ಗೇರ್‌ಬಾಕ್ಸಿನಾಗ ಏನೋ ಅನುಮಾನ ಅದ, ಕಂಪನಿಯವರು ತಪಾಸಣೆ ಮಾಡ್ಲಿಕ್ಕತ್ತಾರ, ತಡೀರಿ’ ಎಂಬ ಉತ್ತರ.

ತಪಾಸಣೆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಮಳೆ ಬಿದ್ದ ಎರಿ ಹೊಲದ ದಾರಿಯಲ್ಲಿ ಹೇರು ಹೊತ್ತ ಗಾಡಿ ಮೊದಲ ಗೇರಿನಲ್ಲೇ ಒದ್ದಾಡುತ್ತದೆ. ಡ್ರೈವರ್ ಅರ್ಧ ಕ್ಲಚ್ ಒತ್ತಿಕೊಂಡೇ ಹೋಗ್ತಾನ, ಪ್ಲೇಟು ಸುಟ್ಟ ವಾಸನೆ ಬರ್ತದ. ಹುಟ್ಟಿನಿಂದಲೇ ದೋಷವಿದ್ದ ಗೇರ್‌ಬಾಕ್ಸ್ ಇಂಥಲ್ಲಿ ಎಷ್ಟು ದಿನ ತಾಳೀತು? ದೊಡ್ಡ ಕಂಪನಿಗಳಿಗೂ ಇದು ತಪ್ಪಿದ್ದಲ್ಲ. 2022ರ ಡಿಸೆಂಬರಿನಲ್ಲಿ ಮಹೀಂದ್ರಾ ಕಂಪನಿ ಸುಮಾರು 19,000 ಕಾರುಗಳನ್ನು ವಾಪಸ್ ಕರೆಸಿತು. ಕ್ಲಚ್ಚಿನ ಮನೆಯೊಳಗಿನ ಒಂದು ರಬ್ಬರ್ ತುಂಡಿನ ಮೇಲೆ ಅನುಮಾನ ಬಂದದ್ದಕ್ಕೆ. ಹೊಲದ ದಾರಿಯಲ್ಲಿ ನಿಲ್ಲುವ ಗಾಡಿಗಿಂತ ಕಾರ್ಖಾನೆಯಲ್ಲೇ ನಿಂತ ಗಾಡಿ ಮೇಲು. ಆದರೆ ಅದು ನಿಂತ ದಿನಗಳ ಬಡ್ಡಿ ಯಾರು ಕಟ್ಟಬೇಕು?

ಲೆಕ್ಕ ಹಾಕಿ ನೋಡೋಣ. 7 ಲಕ್ಷ ಸಾಲ, ನೂರಕ್ಕೆ 11ರ ಬಡ್ಡಿ ಎಂದು ಇಟ್ಟುಕೊಳ್ಳಿ. ತಿಂಗಳ ಬಡ್ಡಿಯೇ 6,400 ರೂಪಾಯಿ ದಾಟಿತು. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಅಷ್ಟೂ ಸಿಕ್ಕಿತು ಅಂದರೂ (ಸಿಕ್ಕವರು ಕೈ ಎತ್ತಿರಿ!) ತಿಂಗಳಿಗೆ 80 ಕಿಲೋ ತೊಗರಿ, ಇಲ್ಲದ ಗಾಡಿಯ ಬಡ್ಡಿಗೆ ಹೋಯಿತು. ಮೂರು ತಿಂಗಳು ತಡವಾದರೆ ಎರಡು ಕ್ವಿಂಟಾಲಿನ ಮೇಲಾಯಿತು. ಡಿಸೆಂಬರ್-ಜನವರಿಯಲ್ಲಿ ರಾಶಿ ಮಾಡಿ ಮಾಲು ಸಾಗಿಸಲು ಮತ್ತೆ ಬಾಡಿಗೆ ಗಾಡಿಯೇ ಗತಿ, ಆ ಹಣ ಬೇರೆ. ದೋಷ ಕಂಪನಿಯದು, ಹಣ ಡೀಲರನ ಬಳಿ, ಬಡ್ಡಿ ರೈತನ ತಲೆಗೆ!

1980ರ ದಶಕದಲ್ಲಿ ರೈತಸಂಘ ಜಪ್ತಿಗೆ ಬಂದವರನ್ನು ಊರ ಬಾಗಿಲಲ್ಲೇ ತಡೆಯಿತು. ಈಗಿನ ಕಂತು ಊರ ಬಾಗಿಲಿಗೆ ಬರುವುದೇ ಇಲ್ಲ. ಖಾತೆಯಿಂದ ತಾನೇ ಕತ್ತರಿಸಿಕೊಂಡು ಹೋಗ್ತದ.

ಸಾಲ ಮಂಜೂರಾದ ದಿನದಿಂದಲೇ, ಹಣ ಕೈಬಿಡುವ ಮೊದಲೇ, ಬಡ್ಡಿ ಹಾಕುವವರಿದ್ದಾರೆ ಎಂಬುದನ್ನು ರಿಸರ್ವ್ ಬ್ಯಾಂಕೇ ಕಂಡುಹಿಡಿದು, 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಅದು ಸಲ್ಲದು ಎಂದಿದೆ. ಒಳ್ಳೆಯದಾಯಿತು. ಆದರೆ ಹಣ ಡೀಲರನಿಗೆ ಸೇರಿದ ಮೇಲೆ ಬಡ್ಡಿ ಓಡಲು ಶುರು. ಹಾಗಾಗಿ ಗಂಟು ಬಿಚ್ಚಬೇಕಾದ್ದು ಅಲ್ಲೇ. ಗಾಡಿ ಡೀಲರನ ಅಂಗಳಕ್ಕೆ ಬಂದು, ಚಾಸಿ ನಂಬರನ್ನು ನೀವು ಕಣ್ಣಾರೆ ಕಾಣುವ ತನಕ ಹಣ ಬಿಡಬೇಡಿ ಎಂದು ಬ್ಯಾಂಕಿಗೆ ಬರೆದುಕೊಡಿ. ವಿಮೆಯನ್ನೂ ಅಲ್ಲಿಯ ತನಕ ಮಾಡಿಸಬೇಡಿ. ಬುಕಿಂಗ್ ಚೀಟಿಯ ಮೇಲೆ ಗಾಡಿ ಕೊಡುವ ತಾರೀಖು ಬರೆಸಿಕೊಳ್ಳಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ.

ಹಣ ಈಗಾಗಲೇ ಹೋಗಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ಇದೆ. 2019ರ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ. ಎರಡು ವರ್ಷದೊಳಗೆ ಹೋಗಬೇಕು. ‘ಇದು ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ’ ಎಂದು ಅವರ ವಕೀಲರು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಕೊಂಡದ್ದು ವ್ಯಾಪಾರವಲ್ಲ ಎಂದು ಅದೇ ಕಾಯ್ದೆಯಲ್ಲಿ ಬರೆದಿದೆ. ಅದನ್ನು ದೂರಿನಲ್ಲೇ ಬರೆಯಿರಿ.

ಬುಕ್ ಮಾಡಿ ಕಾಯುತ್ತಿರುವವರು ಮೊದಲು ಒಂದು ಕೆಲಸ ಮಾಡಿ: ಹಣ ಯಾವ ತಾರೀಖಿಗೆ, ಯಾರ ಖಾತೆಗೆ ಹೋಯಿತು ಎಂದು ಬ್ಯಾಂಕಿಗೆ ಅರ್ಜಿ ಕೊಟ್ಟು, ಉತ್ತರವನ್ನು ಬರಹದಲ್ಲೇ ಪಡೆಯಿರಿ.