ಪಾಠ ಹಂಚುವಾಗ ವರ್ಷವನ್ನೂ ಬರೆಯಿರಿ



ನಮ್ಮ ಸಾಸ್ವೆಹಳ್ಳಿಯಲ್ಲಿ ನನ್ನ ಬಳಿ ಉರ್ದು, ಕನ್ನಡ ಕಲಿತ ಹುಡುಗಿಯೊಬ್ಬಳು ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಸಂಶೋಧನೆಯ ಲೆಕ್ಕಕ್ಕೆ ಪೈಥಾನ್ ಬೇಕಾಗಿ, ಯಾರದೋ ಪೆನ್‌ಡ್ರೈವ್‌ನಿಂದ ಪಾಠ ತಂದಳು. ಮೊದಲ ಸಾಲನ್ನೇ ಕಂಪ್ಯೂಟರ್ ತಪ್ಪೆಂದಿತು. "ಸರ್, ನನ್ನ ತಲೆಗೆ ಹತ್ತುವುದಿಲ್ಲ, ಬಿಟ್ಟುಬಿಡುತ್ತೇನೆ" ಎಂದು ಫೋನಿನಲ್ಲಿ ಅತ್ತಳು. ಭಾಷೆ ಕಲಿಸುವ ನನಗೇನು ಗೊತ್ತು? ನಮ್ಮ ಗಣಿತದ ಮೇಷ್ಟ್ರು ನೋಡಿ ನಕ್ಕರು. ಪಾಠ ಪೈಥಾನ್ 2ರದು, ಅವಳಲ್ಲಿದ್ದದ್ದು ಪೈಥಾನ್ 3. ಹಳೆಯದರಲ್ಲಿ 'ಪ್ರಿಂಟ್' ಪದದ ಮುಂದೆ ಆವರಣ ಚಿಹ್ನೆ ಬೇಕಿರಲಿಲ್ಲ, ಹೊಸದರಲ್ಲಿ ಬೇಕೇ ಬೇಕು. ಹಳೆಯದಕ್ಕೆ 2020ರ ಜನವರಿ 1ರಿಂದ ಬೆಂಬಲವೇ ನಿಂತಿದೆ. ಎರಡು ಆವರಣ ಚಿಹ್ನೆಗಾಗಿ ಒಂದು ಹೆಣ್ಣುಮಗುವಿನ ಓದು ನಿಲ್ಲುವುದರಲ್ಲಿತ್ತು!

ಕನ್ನಡದಲ್ಲಿ ಪಾಠಗಳಿಲ್ಲ ಎನ್ನಬೇಡಿ. ಮುಂಬಯಿ ಐಐಟಿಯ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಲಿನಕ್ಸ್, ಪೈಥಾನ್, ಸೈಲ್ಯಾಬ್ ಪಾಠಗಳಿವೆ. ಒಂದೊಂದು ಸುಮಾರು 10 ನಿಮಿಷದ್ದು. ಪರದೆಯ ಮೇಲೆ ಇಂಗ್ಲಿಷ್, ಹಲವು ಪಾಠಗಳಿಗೆ ವಿವರಣೆಯ ದನಿ ಕನ್ನಡದಲ್ಲಿ. ಸ್ವಲ್ಪ ಕೇಳಿ, ನಿಲ್ಲಿಸಿ, ಪಕ್ಕದಲ್ಲೇ ಮಾಡಿ ನೋಡುವುದು ಅದರ ಕ್ರಮ. ನಕಲು ಮಾಡಿ ಹಂಚಲೂ ಅನುಮತಿಯಿದೆ. ಲಿನಕ್ಸ್ ಯಾಕೆಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಸೂಪರ್ ಕಂಪ್ಯೂಟರ್ 'ಪರಮ್ ಪ್ರವೇಗ' ನಡೆಯುವುದೂ ಅದರಲ್ಲೇ.

ಆದ್ದರಿಂದ ಪಾಠ ಕೊಡುವವರು ಜೊತೆಗೊಂದು ಚೀಟಿ ಇಡಿ: ಯಾವ ತಂತ್ರಾಂಶ, ಎಷ್ಟನೆಯ ಆವೃತ್ತಿ, ಯಾವ ವರ್ಷದ್ದು, ಮೊದಲೇ ಏನು ತಿಳಿದಿರಬೇಕು, ನೀವು ಮಾಡಿ ನೋಡಿದ್ದೀರಾ. ಆ ಹುಡುಗಿ ಅಂಥದೊಂದು ಪಟ್ಟಿ ಬರೆದು ಕಳಿಸಿದ್ದಾಳೆ. ಶಾಲೆಯಲ್ಲಿಟ್ಟಿದ್ದೇನೆ, ಬೇಕಾದವರು ಬಂದು ಪ್ರತಿ ಮಾಡಿಕೊಳ್ಳಿ.