ತಾವರೆ ಎಲೆ ಹಳದಿಯಾಯ್ತಾ? ಗೊಬ್ಬರಕ್ಕೂ ಮುಂಚೆ ನೀರು ನೋಡಿ

ಟೆರೇಸ್ ಮೇಲೊಂದು ಟಬ್, ಅದರಲ್ಲಿ ತಾವರೆನೋ ನೈದಿಲೆನೋ, ಜೊತೆಗೆ ನಾಲ್ಕು ಗಪ್ಪಿ ಮೀನು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಇಂಥ ಪುಟ್ಟ ಕೊಳ ಇದೆ, ನಮ್ಮನೇಲೂ ಇದೆ. ಹಾಗಾಗಿ ಗೆಳೆಯರು ಕೇಳ್ತಾನೇ ಇರ್ತಾರೆ: "ಹೊಸ ಎಲೆ ಹಳದಿ ಆಗ್ತಿದೆ, ನರ ಮಾತ್ರ ಹಸಿರು. ಯಾವ ಗೊಬ್ಬರ ಹಾಕ್ಲಿ?"

ನಾನು ತಿರುಗಿ ಕೇಳೋದು ಇಷ್ಟೇ: ನೀರು ಯಾವುದು?

ಇದು ಸಾಮಾನ್ಯವಾಗಿ ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಲ್ಲಿ ಕಬ್ಬಿಣ ಇದ್ರೂ, ನೀರಿನ ಪಿಎಚ್ 8 ದಾಟಿದರೆ ಅದು ಗಿಡಕ್ಕೆ ಸಿಗೋದು ಕಷ್ಟ. ತಾವರೆ, ನೈದಿಲೆಗೆ 6.5ರಿಂದ 7.5 ಇದ್ರೆ ಹಿತ. ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಬಕೆಟ್‌ಗೆ, ನಲ್ಲಿಗೆ ಬಿಳಿ ಕಲೆ ಕಟ್ಟುತ್ತಲ್ಲ, ಅದೇ ಸಾಕ್ಷಿ. ಬೇಸಿಗೆಯಲ್ಲಿ ನೀರು ಆವಿಯಾಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಮತ್ತೆ ಬೋರ್ ನೀರನ್ನೇ ತುಂಬಿಸಿದರೆ ಉಪ್ಪಿನ ಮೇಲೆ ಉಪ್ಪು. ಆರ್‌ಒ ಯಂತ್ರದ ವೇಸ್ಟ್ ನೀರು ಹಾಕೋದಂತೂ ಬೇಡ, ಅದರಲ್ಲಿ ಲವಣ ಇನ್ನೂ ಜಾಸ್ತಿ.

ಹಾಗಾದ್ರೆ ನಿಂಬೆಹಣ್ಣು, ವಿನೆಗರ್ ಹಾಕಿ ಪಿಎಚ್ ಇಳಿಸಬಹುದಲ್ವಾ? ಬೇಡ. ಗಡಸು ನೀರಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟ್ ಇರುತ್ತೆ. ಅದು ಹುಳಿಯನ್ನು ನುಂಗಿಬಿಡುತ್ತೆ. ಇವತ್ತು ಇಳಿದ ಪಿಎಚ್ ನಾಳೆ ಮತ್ತೆ ಮೇಲೆ. ಹಟಕ್ಕೆ ಬಿದ್ದು ಹುಳಿ ಸುರಿದರೆ, ಬೈಕಾರ್ಬೊನೇಟ್ ಮುಗಿದ ಕ್ಷಣ ಪಿಎಚ್ ದಿಢೀರ್ ಕುಸಿಯುತ್ತೆ. ಬೆಳಿಗ್ಗೆ ನೋಡಿದರೆ ಮೀನು ತೇಲ್ತಿರುತ್ತೆ.

ಸರಿಯಾದ ದಾರಿ ಮಳೆನೀರು. ಅದರಲ್ಲಿ ಲವಣ ತೀರಾ ಕಡಿಮೆ. ಲೆಕ್ಕ ನೋಡಿ: ಟಬ್ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಇದೆ ಅಂತಿಟ್ಕೊಳ್ಳಿ. ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಅಷ್ಟೇ ಮಳೆನೀರು ಹಾಕಿ. ಮೊದಲ ವಾರ 300, ಎರಡನೇ ವಾರ 225, ಮೂರನೇ ವಾರಕ್ಕೆ ಸುಮಾರು 170. ಗಿಡಕ್ಕೂ ಮೀನಿಗೂ ಹೊಂದಿಕೊಳ್ಳೋಕೆ ಟೈಮ್ ಸಿಗುತ್ತೆ. ಆದರೆ ಪೂರ್ತಿ ಮಳೆನೀರೇ ಬೇಡ. ಸ್ವಲ್ಪ ಬೈಕಾರ್ಬೊನೇಟ್ ಉಳಿದರೇನೇ ಪಿಎಚ್ ಅಲುಗಾಡದೆ ನಿಲ್ಲೋದು. ನಲ್ಲಿ ನೀರು ಬೆರೆಸೋದಾದ್ರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗೋಕೆ ಬಿಡಿ.

ಪರೀಕ್ಷೆ ಯಾವಾಗ ಮಾಡ್ತೀರಿ ಅನ್ನೋದೂ ಮುಖ್ಯ. ಹಗಲಲ್ಲಿ ಪಾಚಿ, ಗಿಡ ಎರಡೂ ನೀರಿನ ಕಾರ್ಬನ್ ಡೈಆಕ್ಸೈಡ್ ಹೀರೋದ್ರಿಂದ ಸಂಜೆ ಹೊತ್ತಿಗೆ ಪಿಎಚ್ ಏರಿರುತ್ತೆ, ಮುಂಜಾನೆ ಇಳಿದಿರುತ್ತೆ. ಎರಡೂ ಹೊತ್ತು ನೋಡಿ. ವ್ಯತ್ಯಾಸ ತುಂಬಾ ಇದ್ರೆ ಪಾಚಿ ಜಾಸ್ತಿಯಾಗಿದೆ ಅಂತ ಅನುಮಾನಿಸಿ. ಆಗ ಮೀನಿನ ಆಹಾರ ಕಡಿಮೆ ಮಾಡಿ, ಗೊಬ್ಬರವನ್ನು ನೀರಿಗೆ ಎರಚದೆ ಮಣ್ಣೊಳಗೆ ಹೂತಿಡಿ.

ಮಳೆಗಾಲ ಶುರುವಾದಾಗ ಟೆರೇಸ್ ಪೈಪಿನ ಕೆಳಗೆ ಒಂದು ಡ್ರಮ್ ಇಡಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಿ, ಆಮೇಲೆ ತುಂಬಿಸಿ. ಸೊಳ್ಳೆ ಬರದ ಹಾಗೆ ಬಲೆ ಕಟ್ಟಿ. ಹಳದಿಯಾದ ಹಳೇ ಎಲೆ ಮತ್ತೆ ಹಸಿರಾಗ್ಲಿಲ್ಲ ಅಂತ ಬೇಜಾರಾಗ್ಬೇಡಿ, ಹೊಸದಾಗಿ ಬರೋ ಎಲೆ ನೋಡಿ. ನಿಮ್ಮ ಟಬ್‌ನ ಪಿಎಚ್ ಎಷ್ಟಿದೆ, ಅಳೆದು ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.